ಮೊಜಾರ್ಟ್, ಶೂಮನ್, ಬ್ರಾಮ್ಸ್: ಒಂದೇ ಸಂಜೆ ಮೂರು ಪಿಯಾನೊ ಕ್ವಾರ್ಟೆಟ್, ತಯಾರಿ ಹೇಗಿರಬೇಕು?

ಸಭಾಸೇವಕ

ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಂದು ಪಿಯಾನೊ ಕ್ವಾರ್ಟೆಟ್ ಕಛೇರಿ ಇದೆ. ವಾದ್ಯಗಳು ಪಿಯಾನೊ, ವಯೊಲಿನ್, ವಯೋಲಾ, ಚೆಲ್ಲೊ. ನುಡಿಸಲಿರುವುದು ಮೂರು ಕೃತಿ: ಮೊಜಾರ್ಟ್‌ನ ಜಿ ಮೈನರ್ (ಮೊಜಾರ್ಟ್ ಕೃತಿಪಟ್ಟಿಯ ಸಂಖ್ಯೆ ಕೆ. 478), ಶೂಮನ್‌ನ ಇ ಫ್ಲ್ಯಾಟ್ ಮೇಜರ್ (ಓಪಸ್, ಅಂದರೆ ಕೃತಿಸಂಖ್ಯೆ, 47), ಬ್ರಾಮ್ಸ್‌ನ ಜಿ ಮೈನರ್ (ಓಪಸ್ 25).

ಹಾಲ್‌ನಲ್ಲಿ 220 ಆಸನ. ಗೋಡೆಗೆ ಬಟ್ಟೆ ಹೊದಿಸಿದ್ದಾರೆ, ವೇದಿಕೆ ಮೇಲೆ ಕಾರ್ಪೆಟ್ ಇದೆ, ಹಿಂದೆ ದಪ್ಪ ಪರದೆ. ಪಿಯಾನೊ ಹಾಲ್‌ನದ್ದೇ, 7 ಅಡಿಯ ಗ್ರ್ಯಾಂಡ್.

ತಿಳಿಯಬೇಕಾದ್ದು ಇಷ್ಟು. ಪಿಯಾನೊ ಲಿಡ್ (ಮೇಲಿನ ಮುಚ್ಚಳ) ಪೂರ್ತಿ ಎತ್ತಬೇಕಾ, ಅರ್ಧಕ್ಕೆ ನಿಲ್ಲಿಸಬೇಕಾ? ಯಾರು ಎಲ್ಲಿ ಕೂರಬೇಕು? ಮೈಕ್ ಬೇಕಾ? ಟ್ಯೂನಿಂಗ್ ಎಷ್ಟು ಹೊತ್ತಿಗೆ ಮಾಡಿಸಬೇಕು? ಕೃತಿಗಳನ್ನು ಯಾವ ಕ್ರಮದಲ್ಲಿ ಇಟ್ಟರೆ ಒಳ್ಳೆಯದು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಪ್ಪುಬಿಳುಪು

ಲಿಡ್ ಪೂರ್ತಿ ಎತ್ತಿ. ಮೈಕ್ ಬೇಡವೇ ಬೇಡ.

ಲಿಡ್ ಇಳಿಸಿದರೆ ಪಿಯಾನೊ ತಗ್ಗುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಆದರೆ ಲಿಡ್ ತಡೆಯುವುದು ಹೆಚ್ಚಾಗಿ ತಾರ ಸ್ಥಾಯಿಯ ಹೊಳಪನ್ನು. ಮಂದ್ರದ ನಾದ ಮುಚ್ಚಳದ ಕೆಳಗಿಂದ, ತಂತಿಗಳ ಕೆಳಗಿನ ಮರದ ಹಲಗೆಯಾದ ಸೌಂಡ್‌ಬೋರ್ಡ್‌ನ ಅಡಿಯಿಂದ ಹೇಗಿದ್ದರೂ ಹೊರಗೆ ಬರುತ್ತದೆ. ಆಗ ಸಭೆಗೆ ಮುಟ್ಟುವುದು ಅಂಚಿಲ್ಲದ, ಮಂಕಾದ ಮಂದ್ರ. ಚೆಲ್ಲೊ, ವಯೋಲಾ ಎರಡೂ ಓಡಾಡುವುದು ಅದೇ ವಲಯದಲ್ಲಿ, ಮುಳುಗುವುದೂ ಅವೇ. ಇದು ಸಾಲದು ಅಂತ ಪಿಯಾನೊ ನುಡಿಸುವವರಿಗೆ ತಮ್ಮ ಸ್ವರವೇ ಸ್ಪಷ್ಟವಾಗಿ ಕೇಳದೆ, ಇನ್ನೂ ಒತ್ತಿ ಬಾರಿಸಲು ಶುರು ಮಾಡುತ್ತಾರೆ.

ತಂತಿವಾದ್ಯಗಳನ್ನು ಮುಚ್ಚಿಹಾಕುವ ಸಂಗತಿಗಳು ಬೇರೆ. ಒಂದು ಎಡಗೈ, ಇನ್ನೊಂದು ಸಸ್ಟೇನ್ ಪೆಡಲ್ (ಒತ್ತಿದಷ್ಟು ಹೊತ್ತು ನಾದ ಉಳಿಸುವುದು). ಮೊಜಾರ್ಟ್‌ನಲ್ಲಿ ಎಡಗೈ ಮತ್ತು ಚೆಲ್ಲೊ ಎಷ್ಟೋ ಕಡೆ ಒಂದೇ ಸ್ವರ ನುಡಿಸುತ್ತವೆ. ಅಲ್ಲಿ ಪಿಯಾನೊದ ಎಡಗೈ ಚೆಲ್ಲೊದ ನೆರಳಾಗಿರಬೇಕು, ಮುಂದೆ ಬರಬಾರದು. ‘ಫೋರ್ಟೆ’ (ಜೋರಾಗಿ) ಎಂದು ಬರೆದಿದ್ದರೆ ಬಲಗೈಗೆ ಫೋರ್ಟೆ, ಎಡಗೈಗೆ ಒಂದು ಮೆಟ್ಟಿಲು ಕಡಿಮೆ. ಪೆಡಲ್ ಪೂರ್ತಿ ತುಳಿಯುವ ಬದಲು ಅರ್ಧ ಒತ್ತಿ, ಹಾರ್ಮನಿ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾಗುವ ಮುಂಚೆಯೇ ಬಿಡುವ ಅಭ್ಯಾಸ ಮಾಡಬೇಕು. ಈ ಎರಡು ಸರಿಹೋದರೆ ಲಿಡ್‌ನ ಪ್ರಶ್ನೆ ಮುಕ್ಕಾಲು ಭಾಗ ಬಗೆಹರಿಯುತ್ತದೆ.

ಇದು ಹಳೇ ದೂರು ಕೂಡ. ಸಂಗೀತ ರಚನಕಾರ ಷೋನ್‌ಬರ್ಗ್ 1937ರಲ್ಲಿ ಬ್ರಾಮ್ಸ್‌ನ ಇದೇ ಓಪಸ್ 25ನ್ನು ದೊಡ್ಡ ಆರ್ಕೆಸ್ಟ್ರಾಕ್ಕೆ ಬರೆದದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು: ಪಿಯಾನೊ ವಾದಕ ಎಷ್ಟು ಒಳ್ಳೆಯವನೋ ಅಷ್ಟು ಜೋರಾಗಿ ನುಡಿಸುತ್ತಾನೆ, ತಂತಿವಾದ್ಯ ಏನೂ ಕೇಳುವುದಿಲ್ಲ, ಒಮ್ಮೆಯಾದರೂ ಎಲ್ಲವನ್ನೂ ಕೇಳಬೇಕೆನಿಸಿತು ಎಂದು.

ಹಳೇದಸ್ತಾವೇಜು

ಮೇಲಿನ ಮಾತಿಗೆ ಪೂರಕವಾಗಿ ವಾದ್ಯದ ಕಡೆಯಿಂದ ಒಂದಿಷ್ಟು. ಕೆ. 478 ಮುಗಿದದ್ದು 1785ರ ಅಕ್ಟೋಬರ್ 16ರಂದು, ವಿಯೆನ್ನಾದಲ್ಲಿ. ಆಗ ಮೊಜಾರ್ಟ್ ನುಡಿಸುತ್ತಿದ್ದದ್ದು ವಾಲ್ಟರ್ ಮಾಡಿದ ಫೋರ್ಟೆಪಿಯಾನೊ, ಅಂದರೆ ಆ ಕಾಲದ ಪಿಯಾನೊ. ಐದು ಸ್ಥಾಯಿ, 61 ಮನೆ (ಕೀ). ಒಳಗಡೆ ಕಬ್ಬಿಣದ ಚೌಕಟ್ಟಿಲ್ಲ, ಮರ ಮಾತ್ರ. ಸುತ್ತಿಗೆಗಳಿಗೆ ಈಗಿನ ದಪ್ಪ ಫೆಲ್ಟ್ ಬದಲು ತೆಳು ಚರ್ಮ. ಪೆಡಲ್ ಕಾಲಿಗಲ್ಲ, ಮಂಡಿಗೆ ಸಿಗುವ ಸನ್ನೆ. ಸ್ವರ ಹೊಡೆದ ಕೂಡಲೇ ಚುರುಕಾಗಿ ಎದ್ದು ಬೇಗ ಇಳಿದುಹೋಗುತ್ತದೆ. ಹಾಗಾಗಿ ಮಂದ್ರದಲ್ಲಿ ಎಷ್ಟು ಸ್ವರ ಬರೆದರೂ ರಾಡಿ ಆಗುತ್ತಿರಲಿಲ್ಲ. ಅದೇ ಬರಹವನ್ನು ತಂತಿಗಳ ಒಟ್ಟು ಬಿಗಿತ ಸುಮಾರು 20 ಟನ್ ಇರುವ ಇವತ್ತಿನ ಗ್ರ್ಯಾಂಡ್ ಮೇಲೆ ನುಡಿಸುತ್ತಿದ್ದೇವೆ ಎಂಬುದು ನೆನಪಿರಬೇಕು.

ಈ ಕೃತಿಯ ಹಿನ್ನೆಲೆ ನಿಮ್ಮ ಕಾರ್ಯಕ್ರಮ ಪುಸ್ತಿಕೆಗೂ ಆಗುತ್ತದೆ. ಪ್ರಕಾಶಕ ಹಾಫ್‌ಮೈಸ್ಟರ್ ಮೂರು ಕ್ವಾರ್ಟೆಟ್ ಕೇಳಿದ್ದ. ಮೊದಲನೆಯದು ಕಷ್ಟ ಎಂದು ಜನ ಕೊಳ್ಳಲಿಲ್ಲ, ಒಪ್ಪಂದ ಅಲ್ಲಿಗೇ ಮುರಿದುಬಿತ್ತು. ಎರಡನೆಯದನ್ನು (ಕೆ. 493, 1786) 1787ರಲ್ಲಿ ಅರ್ಟಾರಿಯಾ ಪ್ರಕಟಿಸಿದರು. 1788ರ ಒಂದು ಜರ್ಮನ್ ಪತ್ರಿಕೆಯ ವರದಿಯ ಸಾರ ಹೀಗಿದೆ: ಗದ್ದಲದ ಕೂಟಗಳಲ್ಲಿ ಹವ್ಯಾಸಿಗಳ ಕೈಯಲ್ಲಿ ಮೊಜಾರ್ಟ್‌ನ ಕ್ವಾರ್ಟೆಟ್ ಕೇಳಲಾಗದು, ಅದನ್ನೇ ನಿಶ್ಶಬ್ದವಾದ ಕೋಣೆಯಲ್ಲಿ, ಚೆನ್ನಾಗಿ ಅಭ್ಯಾಸ ಮಾಡಿದ ನಾಲ್ವರು ಪರಿಣತರು ನುಡಿಸಿದರೆ ಅದರ ಸೊಗಸೇ ಬೇರೆ. ನಿಮ್ಮ ಹಾಲ್‌ನ ಏಸಿ ಸದ್ದನ್ನು ಈಗಲೇ ಪರೀಕ್ಷಿಸಿಕೊಳ್ಳಿ ಎಂದು ಹೇಳುವುದಕ್ಕೂ ಇದೇ ಕಾರಣ.

ನಡುದನಿ

ವಯೋಲಾ ಕಡೆಯಿಂದ ಎರಡು ಮಾತು. ಲಿಡ್ ಬಗ್ಗೆ ಕಪ್ಪುಬಿಳುಪು ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದೊಡ್ಡ ಹಾಲ್‌ನಲ್ಲಿ ಅವರು ಹೇಳಿದ್ದು ಸರಿ. 220 ಆಸನದ ಜಾಗದಲ್ಲಿ, ಮೂರನೇ ಸಾಲು ಪಿಯಾನೊದಿಂದ ನಾಲ್ಕೈದು ಮೀಟರ್ ಅಷ್ಟೇ ಇರುವಾಗ, ಪೂರ್ತಿ ಎತ್ತಿದ ಲಿಡ್ ಕನ್ನಡಿಯ ಹಾಗೆ ಶಬ್ದವನ್ನು ನೇರ ಮುಂದಿನ ಸಾಲಿಗೆ ಹೊಡೆಯುತ್ತದೆ. ಆ ಹಾದಿಯಲ್ಲೇ ನಾವು ಮೂವರು ಕೂತಿರುತ್ತೇವೆ. ಲಿಡ್ ಅನ್ನು ಅರ್ಧಕ್ಕೆ ನಿಲ್ಲಿಸುವ ಕೋಲು ತೀರಾ ತಗ್ಗು ಅನ್ನಿಸಿದರೆ ಮಧ್ಯಮ ಎತ್ತರದ ಮರದ ಕೋಲೊಂದನ್ನು, 30 ಸೆಂ.ಮೀ. ಆಸುಪಾಸು, ಮಾಡಿಸಿಕೊಳ್ಳಬಹುದು. ಎರಡೂ ತುದಿಗೆ ಫೆಲ್ಟ್ ಅಂಟಿಸಿರಬೇಕು, ಜಾರದಂತೆ ಕೂರಬೇಕು. ಜಾರಿದರೆ ಭಾರವಾದ ಲಿಡ್ ಕೆಳಗೆ ಬೀಳುತ್ತದೆ. ಆದ್ದರಿಂದ ಟ್ಯೂನರ್‌ಗೆ ತೋರಿಸದೆ ಬಳಸಬೇಡಿ.

ಆದರೆ ಲಿಡ್‌ಗಿಂತ ಮೊದಲು ಆ ಕಾರ್ಪೆಟ್ ಮತ್ತು ಪರದೆ ನೋಡಿ. ನಿಮ್ಮ ನಿಜವಾದ ತೊಂದರೆ ಅಲ್ಲಿದೆ. ಚೇಂಬರ್ ಸಂಗೀತಕ್ಕೆ 1.3ರಿಂದ 1.6 ಸೆಕೆಂಡ್ ಅನುರಣನ (ನುಡಿಸಿ ನಿಲ್ಲಿಸಿದ ಮೇಲೂ ಉಳಿಯುವ ನಾದ) ಇದ್ದರೆ ಹಿತ. ನೀವು ಹೇಳಿದಂಥ ಬಟ್ಟೆ ಹೊದಿಸಿದ ಹಾಲ್‌ಗಳು ಭಾಷಣಕ್ಕೆ, ಮೈಕ್‌ಗೆ ಕಟ್ಟಿದವು, ಒಣಗಿದ ಹಾಗೆ ಕೇಳುತ್ತವೆ. ಪಿಯಾನೊಗೆ ಪೆಡಲ್ ಇದೆ, ಒಣ ಹಾಲ್‌ನಲ್ಲೂ ಅದು ನಾದವನ್ನು ಉಳಿಸಿಕೊಳ್ಳುತ್ತದೆ. ಕಮಾನು ಎತ್ತಿದ ಕ್ಷಣಕ್ಕೆ ನಮ್ಮ ನಾದ ಸತ್ತುಹೋಗುತ್ತದೆ. ಸಮತೋಲ ಅಲ್ಲೇ ತಪ್ಪುವುದು.

ಮಾಡಬೇಕಾದ್ದು ಹೀಗೆ. ಹಿಂದಿನ ಪರದೆಯನ್ನು ಪೂರ್ತಿ ಪಕ್ಕಕ್ಕೆ ಸರಿಸಿ, ಗೋಡೆ ಬರಿದಾಗಿ ಕಾಣಲಿ. ತಂತಿವಾದ್ಯದವರು ಕೂರುವ ಜಾಗದಲ್ಲಿ ಕಾರ್ಪೆಟ್ ಎತ್ತಿ. ಎತ್ತಲು ಬಿಡದಿದ್ದರೆ 8 ಅಡಿ–4 ಅಡಿಯ 18 ಮಿ.ಮೀ. ಪ್ಲೈವುಡ್ ಹಾಳೆ ಮೂರನ್ನು ಒಂದರ ಪಕ್ಕ ಒಂದು ಹಾಸಿ. 12 ಅಡಿ ಅಗಲ, 8 ಅಡಿ ಆಳ, ಮೂವರಿಗೆ ಸಾಕು. ಸೇರುವ ಕಡೆ ಟೇಪ್ ಹಾಕಿ, ಇಲ್ಲವಾದರೆ ಕಾಲು ಎಡವುತ್ತದೆ, ಹಾಳೆಗಳು ಕಟಕಟ ಸದ್ದು ಮಾಡುತ್ತವೆ. ಪಾಲಿಶ್ ಇಲ್ಲದ ಪ್ಲೈವುಡ್ ಆಗಿದ್ದರೆ ಚೆಲ್ಲೊದ ಕೆಳಮೊಳೆಯೂ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಹಾಲ್‌ನವರಿಗೆ ಮೊದಲೇ ಹೇಳಿ, ಮೊಳೆ ಗುರುತು ಬೀಳುತ್ತದೆ.

ಸಭಾಸೇವಕ

ಬಹಳ ಉಪಯೋಗವಾಯಿತು. ಪ್ಲೈವುಡ್ ಸುಲಭವಾಗಿ ಸಿಗುತ್ತದೆ, ಪರದೆ ಸರಿಸಲೂ ಒಪ್ಪುತ್ತಾರೆ ಅನ್ನಿಸುತ್ತದೆ. ಹಾಗಾದರೆ ಮೂವರು ಕೂರುವ ಕ್ರಮ? ಚೆಲ್ಲೊ ನಡುವೆ ಇದ್ದರೆ ಚೆನ್ನಾಗಿ ಕಾಣುತ್ತದೆ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ.

ನಡುದನಿ

ಸಭೆಯಿಂದ ನೋಡಿದರೆ ಎಡದಲ್ಲಿ ಪಿಯಾನೊದ ಮನೆಗಳು, ಪಿಯಾನೊ ವಾದಕರು ಬಲಕ್ಕೆ ಮುಖ ಮಾಡಿ ಕೂರುತ್ತಾರೆ. ಅವರ ಮುಂದೆ ಅರ್ಧಚಂದ್ರದ ಹಾಗೆ ಎಡದಿಂದ ವಯೊಲಿನ್, ನಡುವೆ ವಯೋಲಾ, ಬಲತುದಿಗೆ ಚೆಲ್ಲೊ. ಇದನ್ನೇ ಇಟ್ಟುಕೊಳ್ಳಿ.

ಕಾರಣ ಇದು. ವಯೊಲಿನ್, ವಯೋಲಾ ಎಡಭುಜದ ಮೇಲಿರುತ್ತವೆ, ನಾದ ಹೊರಡುವ ಎಫ್ ಆಕಾರದ ತೂತುಗಳು ವಾದಕರ ಬಲಗಡೆಗೆ ವಾಲಿರುತ್ತವೆ. ಎಡದಲ್ಲಿ ಕೂತವರ ಬಲಗಡೆ ಸಭೆ ಇರುತ್ತದೆ. ಬಲತುದಿಯಲ್ಲಿ ಕೂತವರ ಬಲಗಡೆ ಇರುವುದು ಪಿಯಾನೊ. ಚೆಲ್ಲೊ ನಡುವೆ ಬಂದರೆ ವಯೋಲಾ ಬಲತುದಿಗೆ ಹೋಗುತ್ತದೆ, ಅದರ ಇಡೀ ನಾದ ಪಿಯಾನೊದ ಹೊಟ್ಟೆಗೆ ಹೋಗುತ್ತದೆ. ಮೂರರಲ್ಲಿ ಸುಲಭವಾಗಿ ಮುಳುಗುವ ವಾದ್ಯ ವಯೋಲಾ. ಶೂಮನ್‌ನ ಮೂರನೇ ಮೂವ್‌ಮೆಂಟ್‌ನಲ್ಲಿ (ಕೃತಿಯ ಮೂರನೇ ಭಾಗದಲ್ಲಿ) ಮುಖ್ಯ ರಾಗ ಮರಳಿ ಬರುವಾಗ ಅದನ್ನು ಹಾಡುವುದು ವಯೋಲಾ. ಅದು ಕೇಳದಿದ್ದರೆ ಆ ಸಂಜೆಯ ಜೀವವೇ ಹೋದ ಹಾಗೆ.

ಇನ್ನು ಕುರ್ಚಿ. ಕೈ ಇಲ್ಲದವು, ಸೀಟು ಸಮತಟ್ಟಾಗಿರುವವು. ಹಿಂದಕ್ಕೆ ಇಳಿಜಾರಾದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚೆಲ್ಲೊ ನುಡಿಸಲು ಆಗದು.

ಟ್ಯೂನಿಂಗ್‌ಸುತ್ತಿಗೆ

ಪಿಯಾನೊ ಶ್ರುತಿಯ ಬಗ್ಗೆ ನಾನು ಬರೆಯುತ್ತೇನೆ.

ಮಾರ್ಚ್‌ನಲ್ಲಿ ಬೆಂಗಳೂರಿನ ಗಾಳಿ ಒಣಗಿರುತ್ತದೆ. ಏಸಿ ಹಾಕಿದರೆ ಇನ್ನಷ್ಟು ಒಣಗುತ್ತದೆ. ಸೌಂಡ್‌ಬೋರ್ಡ್ ಮರದ್ದು. ತೇವ ಕಳೆದುಕೊಂಡರೆ ಅದರ ಉಬ್ಬು ತಗ್ಗುತ್ತದೆ, ತಂತಿಯ ಬಿಗಿತ ಇಳಿಯುತ್ತದೆ, ಶ್ರುತಿ ಕೆಳಗೆ ಬರುತ್ತದೆ. ಎಲ್ಲ ಕಡೆ ಸಮನಾಗಿ ಇಳಿದರೆ ಅಷ್ಟು ತೊಂದರೆ ಇರುತ್ತಿರಲಿಲ್ಲ. ಮಧ್ಯ ಸ್ಥಾಯಿ ಹೆಚ್ಚು ಇಳಿಯುತ್ತದೆ, ತುದಿಗಳು ಕಡಿಮೆ. ಹಾಗಾಗಿ ಸ್ಥಾಯಿ ಸ್ಥಾಯಿಗೇ ಹೊಂದುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪು: ಬೆಳಿಗ್ಗೆ ಹತ್ತಕ್ಕೆ ಏಸಿ ಇಲ್ಲದ ಹಾಲ್‌ನಲ್ಲಿ ಟ್ಯೂನ್ ಮಾಡಿಸುವುದು, ಸಂಜೆ ಐದಕ್ಕೆ ಏಸಿ ಹಾಕುವುದು, ಆರೂವರೆಗೆ ಪೂರ್ತಿ ಲೈಟ್ ಉರಿಸುವುದು. ಬೆಳಗಿನ ಕೆಲಸ ಅಷ್ಟೂ ವ್ಯರ್ಥ. ಹಾಲೊಜೆನ್ ದೀಪ ನೇರ ತಂತಿಗಳ ಮೇಲೆ ಬಿದ್ದರೆ ಉಕ್ಕು ಬಿಸಿಯಾಗಿ ಹಿಗ್ಗಿ ಅರ್ಧ ಗಂಟೆಯೊಳಗೇ ಶ್ರುತಿ ಅಲುಗಾಡುತ್ತದೆ. ಎಲ್‌ಇಡಿ ಇದ್ದರೆ ಈ ಚಿಂತೆ ಕಡಿಮೆ.

ಕ್ರಮ ಹೀಗಿರಲಿ. ಹಿಂದಿನ ದಿನವೇ ಪಿಯಾನೊವನ್ನು ಅದರ ಜಾಗಕ್ಕೆ ತಂದು ನಿಲ್ಲಿಸಿ, ಚಕ್ರ ಲಾಕ್ ಮಾಡಿ. ಕಛೇರಿ ದಿನ ಬೆಳಿಗ್ಗೆಯಿಂದಲೇ ಏಸಿಯನ್ನು ಸಂಜೆ ಇರಬೇಕಾದ ತಾಪಮಾನಕ್ಕೆ ಇಟ್ಟು ನಿಲ್ಲಿಸದೆ ಓಡಿಸಿ. ಏಸಿಯ ಗಾಳಿ ಪಿಯಾನೊ ಮೇಲೆ ನೇರ ಬೀಳದಂತೆ ತಿರುಗಿಸಿ. ಮಧ್ಯಾಹ್ನ ಎರಡಕ್ಕೆ ಟ್ಯೂನಿಂಗ್, ಎರಡು ಗಂಟೆ ಕಾಲ, ಹಾಲ್‌ನಲ್ಲಿ ಪೂರ್ಣ ನಿಶ್ಶಬ್ದ. ಆ ಹೊತ್ತಿಗೆ ಕುರ್ಚಿ ಜೋಡಿಸುವವರು, ವ್ಯಾಕ್ಯೂಮ್ ಹಾಕುವವರು ಯಾರೂ ಒಳಗೆ ಬರಬಾರದು. ನಾಲ್ಕರಿಂದ ಐದೂವರೆ ರಿಹರ್ಸಲ್. ಆಮೇಲೆ ಹದಿನೈದು ನಿಮಿಷ ಮತ್ತೆ ಟ್ಯೂನರ್‌ಗೆ ಬಿಟ್ಟುಕೊಡಿ. ಇಂಟರ್‌ವಲ್‌ನಲ್ಲೂ ಹತ್ತು ನಿಮಿಷ ಬೇಕು. ಒಂದು ಮನೆಗೆ ಮೂರು ತಂತಿ ಇರುವ ಕಡೆ ಒಂದು ಸ್ವಲ್ಪ ಜಾರಿದರೂ ನಾದ ನಡುಗುತ್ತದೆ. ಮೊದಲಾರ್ಧ ಮುಗಿಯುವಷ್ಟರಲ್ಲಿ ಅಂಥವು ನಾಲ್ಕೈದು ಆದರೂ ಇರುತ್ತವೆ.

ಪಿಯಾನೊ ಪಕ್ಕದಲ್ಲಿ ಸಣ್ಣ ಹೈಗ್ರೋಮೀಟರ್ ಇಡಿ. 40ರಿಂದ 50 ಶೇಕಡ ತೇವ ಒಳ್ಳೆಯದು. ಆದರೆ ಅಂಕಿಗಿಂತ ಮುಖ್ಯ, ಅದು ಏರಿಳಿಯದೆ ನಿಲ್ಲುವುದು.

ಮತ್ತೊಂದು. ತಂತಿವಾದ್ಯದವರು ‘ಎ’ ಸ್ವರ 442 ಹರ್ಟ್ಸ್ ಬೇಕು ಎಂದು ಕೇಳಬಹುದು. ನಿಮ್ಮ ಪಿಯಾನೊ 440ರಲ್ಲಿ ನಿಂತಿದ್ದರೆ ಕಛೇರಿ ದಿನ ಎತ್ತಿಸಬೇಡಿ. ವ್ಯತ್ಯಾಸ ಸುಮಾರು 8 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಮಾತ್ರ, ಆದರೆ ಇನ್ನೂರಕ್ಕೂ ಹೆಚ್ಚು ತಂತಿಯನ್ನು ಒಮ್ಮೆಗೇ ಬಿಗಿ ಮಾಡಿದರೆ ಸಂಜೆಗೆ ಮತ್ತೆ ಇಳಿಯಲು ಶುರುವಾಗುತ್ತವೆ. ಬೇಕೇ ಬೇಕೆಂದರೆ ಎರಡು ವಾರ ಮುಂಚೆ ಒಮ್ಮೆ, ಒಂದು ವಾರ ಮುಂಚೆ ಮತ್ತೊಮ್ಮೆ ಮಾಡಿಸಿ.

ಮಂದ್ರತಂತಿ

ಟ್ಯೂನಿಂಗ್‌ಸುತ್ತಿಗೆ ಅವರ ವಿವರಕ್ಕೆ ಚೆಲ್ಲೊ ಕಡೆಯದನ್ನು ಸೇರಿಸುತ್ತೇನೆ. ಇಲ್ಲಿ ಎರಡು ಬೇರೆ ಬೇರೆ ವಿಷಯ ಇವೆ.

ಮೊದಲನೆಯದು ಮೂರೂ ಕೃತಿಗೆ ಸಂಬಂಧಿಸಿದ್ದು. ನಾವು ತಂತಿಗಳನ್ನು ಶುದ್ಧ ಪಂಚಮದಲ್ಲಿ ಕೂಡಿಸುತ್ತೇವೆ, ನಮ್ಮ ಕರ್ನಾಟಕ ಸಂಗೀತದ ವಯೊಲಿನ್‌ನಲ್ಲಿ ಸ–ಪ ಕೂಡಿಸುವ ಹಾಗೆಯೇ. ಶುದ್ಧ ಪಂಚಮ 702 ಸೆಂಟ್, ಪಿಯಾನೊದ್ದು 700. ‘ಎ’ಯಿಂದ ಹೊರಟು ಡಿ, ಜಿ, ಸಿ ಎಂದು ಮೂರು ಮೆಟ್ಟಿಲು ಇಳಿದರೆ ಸಿ ತಂತಿ ಪಿಯಾನೊಗಿಂತ ಸುಮಾರು 6 ಸೆಂಟ್ ಕೆಳಗಿರುತ್ತದೆ. ಒಂಟಿಯಾಗಿ ನುಡಿಸಿದರೆ ಗೊತ್ತಾಗದು. ಪಿಯಾನೊ ಎಡಗೈ ಅದೇ ಸಿ ಹಿಡಿದಾಗ ಕಿವಿಗೆ ಚುಚ್ಚುತ್ತದೆ. ಆದ್ದರಿಂದ ಪಿಯಾನೊದಿಂದ ‘ಎ’ ಒಂದನ್ನೇ ತಗೊಂಡು ಮುಗಿಸಬಾರದು. ಡಿ, ಜಿ, ಸಿ ಮೂರನ್ನೂ ಪಿಯಾನೊಗೆ ಒರೆ ಹಚ್ಚಿ ಪಂಚಮಗಳನ್ನು ಕೂದಲೆಳೆಯಷ್ಟು ಕಿರಿದು ಮಾಡಿಕೊಳ್ಳಬೇಕು. ವಯೋಲಾಗೂ ಇದೇ ಮಾತು.

ಎರಡನೆಯದು ಶೂಮನ್‌ನ ಮೂರನೇ ಮೂವ್‌ಮೆಂಟ್, ಆಂದಾಂತೆ ಕಾಂತಾಬಿಲೆ (ನಿಧಾನವಾಗಿ, ಹಾಡಿನಂತೆ). ಇದನ್ನು ವ್ಯವಸ್ಥೆ ಮಾಡುವವರೂ ತಿಳಿದಿರಬೇಕು. ಆ ಮೂವ್‌ಮೆಂಟ್‌ನ ಕೊನೆಯಲ್ಲಿ ಚೆಲ್ಲೊ ಬಿ ಫ್ಲ್ಯಾಟ್ ಸ್ವರವನ್ನು ಮಂದ್ರದಲ್ಲಿ ಉದ್ದಕ್ಕೂ ಹಿಡಿದು ನಿಲ್ಲುತ್ತದೆ, ಮಿಕ್ಕ ಮೂರು ವಾದ್ಯ ಅದರ ಮೇಲೆ ತೇಲುತ್ತವೆ. ತಂಬೂರಿಯ ಶ್ರುತಿ ಕೇಳಿದ ಕಿವಿಗೆ ಆ ಜಾಗ ತಟ್ಟನೆ ಹತ್ತಿರವಾಗುತ್ತದೆ. ಆದರೆ ಚೆಲ್ಲೊದ ಅತಿ ಕೆಳಗಿನ ಸ್ವರ ಸಿ. ಬಿ ಫ್ಲ್ಯಾಟ್ ಅದಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ, 65.4 ಹರ್ಟ್ಸ್‌ನಿಂದ 58.3ಕ್ಕೆ. ಹಾಗಾಗಿ ನುಡಿಸುತ್ತಾ ನುಡಿಸುತ್ತಾ ತಂತಿಯನ್ನೇ ಸಡಿಲಿಸಬೇಕು.

ಅದಕ್ಕೆ ಸಿಗುವ ಸಮಯ, ನಡುದನಿ ಅವರು ಹೇಳಿದ ವಯೋಲಾದ ಜಾಗ. ವಯೋಲಾ ರಾಗ ಎತ್ತಿಕೊಂಡಾಗ ಚೆಲ್ಲೊಗೆ ಬಿಡುವು. ಬಿಗಿತ ಐದರಲ್ಲಿ ಒಂದು ಪಾಲು ಇಳಿಯಬೇಕು, ಅಂದರೆ ಕೆಳಗಿನ ಫೈನ್ ಟ್ಯೂನರ್ ಸಾಲದು, ಮೇಲಿನ ಬಿರಡೆಯನ್ನೇ ತಿರುಗಿಸಬೇಕು. ಏನೇನು ತಪ್ಪುತ್ತದೆ ಎಂದರೆ:

ಒಣ ಹವೆಗೆ ಬಿರಡೆ ಕುಗ್ಗಿ ಜಾರುತ್ತದೆ, ತಿರುಗಿಸಿದ ಕೂಡಲೇ ತಂತಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅಥವಾ ಬಿರಡೆ ಕಚ್ಚಿಕೊಂಡಿದ್ದು ‘ಕಟ್’ ಎಂದು ಸದ್ದು ಮಾಡುತ್ತದೆ, ವಯೋಲಾದ ರಾಗದ ನಡುವೆ ಇಡೀ ಸಭೆಗೆ ಕೇಳುತ್ತದೆ. ಒಂದು ವಾರ ಮೊದಲೇ ಬಿರಡೆಗೆ ಪೇಸ್ಟ್ ಹಚ್ಚಿ, ದಿನವೂ ಐದಾರು ಸಲ ಇಳಿಸಿ ಏರಿಸಿ ಅದನ್ನು ಪಳಗಿಸಿರಬೇಕು. ಗೇರ್ ಇರುವ ಬಿರಡೆಗಳಿದ್ದರೆ ಈ ಕಷ್ಟ ಇಲ್ಲ.

ಇಳಿಸಿದ ತಂತಿ ಇಳಿಸಿದಲ್ಲೇ ನಿಲ್ಲುವುದಿಲ್ಲ, ಮೆಲ್ಲಗೆ ಮೇಲಕ್ಕೆ ಸರಿಯುತ್ತದೆ. ಆದ್ದರಿಂದ ಬಿ ಫ್ಲ್ಯಾಟ್‌ಗಿಂತ ಸ್ವಲ್ಪ ಕೆಳಗೆ ಹೋಗಿ ಅಲ್ಲಿಂದ ಏರಿಸಿ ನಿಲ್ಲಿಸಬೇಕು. ಕುದುರೆಯ ಮೇಲಿನ ಒತ್ತಡ ಕಡಿಮೆಯಾಗಿ ಉಳಿದ ಮೂರು ತಂತಿಗಳೂ ಕೂದಲೆಳೆ ಏರುತ್ತವೆ, ಬೆರಳಲ್ಲೇ ಸರಿಮಾಡಿಕೊಳ್ಳಬೇಕು. ಶ್ರುತಿ ಸರಿಯಾಯಿತೇ ಎಂದು ನೋಡಲು ಕಮಾನು ಹಾಕುವಂತಿಲ್ಲ. ಎಡಗೈ ಹೆಬ್ಬೆರಳಿನಿಂದ ತಂತಿಯನ್ನು ಮೀಟಿಯೂ ಮೀಟದ ಹಾಗೆ ತಾಕಿ, ಕಿವಿಯನ್ನು ಬಿರಡೆಯ ಹತ್ತಿರ ತಂದು ಕೇಳಬೇಕು. ಪಿಯಾನೊ ಬಿ ಫ್ಲ್ಯಾಟ್ ಹಿಡಿಯುವ ಕ್ಷಣಕ್ಕೆ ಕಾದು ಹೊಂದಿಸಿದರೆ ಇನ್ನೂ ಉತ್ತಮ.

ಸಭಾಸೇವಕ

ಇದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಆ ಮೂವ್‌ಮೆಂಟ್ ಮುಗಿದ ಮೇಲೆ ಚೆಲ್ಲೊ ಮತ್ತೆ ಸಿಗೆ ಏರಿಸಬೇಕಲ್ಲ? ಆಗ ಸಭೆ ಚಪ್ಪಾಳೆ ತಟ್ಟಿದರೆ?

ಮಂದ್ರತಂತಿ

ಏರಿಸಲೇಬೇಕು. ಕಡೆಯ ಮೂವ್‌ಮೆಂಟ್ ರಭಸದ್ದು, ಸಿ ಬೇಕಾಗುತ್ತದೆ. ಹತ್ತು ಹದಿನೈದು ಸೆಕೆಂಡ್ ಮೌನ ಸಿಕ್ಕರೆ ಸಾಕು, ಚಪ್ಪಾಳೆ ಬಿದ್ದರೆ ಏನೂ ಕೇಳದೆ ಶ್ರುತಿ ಮಾಡುವುದು ಅಸಾಧ್ಯ. ಇನ್ನೊಂದು ಕಾರಣವೂ ಇದೆ. ಆಂದಾಂತೆಯ ಕೊನೆಯ ಕ್ಷಣಗಳಲ್ಲಿ ಶೂಮನ್ ಮೂರು ಸ್ವರದ ಒಂದು ತುಣುಕನ್ನು ಮೆಲ್ಲಗೆ ಇಡುತ್ತಾನೆ. ಕಡೆಯ ಮೂವ್‌ಮೆಂಟ್ ಸಿಡಿದೇಳುವುದು ಅದೇ ತುಣುಕಿನಿಂದ. ನಡುವೆ ಗದ್ದಲವಾದರೆ ಆ ಎಳೆ ಕಡಿದುಹೋಗುತ್ತದೆ.

ಕ್ರಮದ ಬಗ್ಗೆ ಕೇಳಿದ್ದಿರಿ. ನನ್ನ ಮಟ್ಟಿಗೆ ಇದೇ ತೀರ್ಮಾನ ಮಾಡುತ್ತದೆ: ಮೊಜಾರ್ಟ್, ಶೂಮನ್, ಇಂಟರ್‌ವಲ್, ಬ್ರಾಮ್ಸ್. ಇಳಿಸಿ ಏರಿಸಿದ ತಂತಿ ಈ ಸಲ ಕೆಳಕ್ಕೆ ಜಾರುತ್ತಾ ಇರುತ್ತದೆ, ನೆಲೆಯಾಗಲು ಇಪ್ಪತ್ತು ನಿಮಿಷ ಬೇಕು. ಇಂಟರ್‌ವಲ್ ಆ ಸಮಯವನ್ನು ಕೊಡುತ್ತದೆ, ಅಷ್ಟರಲ್ಲಿ ಟ್ಯೂನರ್ ಕೆಲಸವೂ ಆಗುತ್ತದೆ.

ಕಪ್ಪುಬಿಳುಪು

ಕ್ರಮಕ್ಕೆ ನನ್ನ ಒಪ್ಪಿಗೆಯೂ ಇದೆ. ಅವಧಿ ಲೆಕ್ಕ ಹಾಕಿಕೊಳ್ಳಿ: ಮೊಜಾರ್ಟ್ ಸುಮಾರು 25 ನಿಮಿಷ, ಶೂಮನ್ 27, ಬ್ರಾಮ್ಸ್ 40. ಶ್ರುತಿ, ಪ್ರವೇಶ, ಚಪ್ಪಾಳೆ ಸೇರಿ ಮೊದಲಾರ್ಧ ಒಂದು ಗಂಟೆ, 20 ನಿಮಿಷ ಇಂಟರ್‌ವಲ್, ಎರಡನೇ ಅರ್ಧ 45 ನಿಮಿಷ. ಏಳಕ್ಕೆ ಶುರುವಾದರೆ ಒಂಬತ್ತು ಐದಕ್ಕೆ ಮುಗಿಯುತ್ತದೆ. ಬ್ರಾಮ್ಸ್ ಮೊದಲು ಇಟ್ಟರೆ ಅದರ ಕಡೆಯ ಮೂವ್‌ಮೆಂಟ್ ಆದ ಮೇಲೆ ಮೊಜಾರ್ಟ್‌ನ ಸೂಕ್ಷ್ಮ ಯಾರ ಕಿವಿಗೂ ಹತ್ತುವುದಿಲ್ಲ, ನುಡಿಸುವವರ ಕೈಗೂ ಹತ್ತುವುದಿಲ್ಲ.

ಪುಟ ತಿರುಗಿಸುವವರ ವಿಷಯ ಯಾರೂ ಎತ್ತಿಲ್ಲ. ತಂತಿವಾದ್ಯದವರ ಮುಂದೆ ಅವರವರ ಭಾಗ ಮಾತ್ರ ಇರುತ್ತದೆ. ಪಿಯಾನೊ ಮುಂದೆ ನಾಲ್ಕೂ ವಾದ್ಯದ ಪೂರ್ಣ ಸ್ವರಲಿಪಿ ಇರುತ್ತದೆ, ಬೇಗ ಬೇಗ ಪುಟ ಮುಗಿಯುತ್ತದೆ. ಎರಡೂ ಕೈ ಬಿಡುವಿಲ್ಲ. ಆದ್ದರಿಂದ ಸ್ವರಲಿಪಿ ಓದಬಲ್ಲ ಒಬ್ಬರು ಬೇಕೇ ಬೇಕು. ಪಿಯಾನೊ ವಾದಕರ ಎಡಗಡೆ, ಒಂದು ಹೆಜ್ಜೆ ಹಿಂದೆ ಕೂರಬೇಕು. ಸಭೆಗೆ ಅದು ಒಳಬದಿ. ಪುಟದ ಕೊನೆ ಸಾಲು ಬಂದಾಗ ಏಳಬೇಕು, ಎಡಗೈಯಲ್ಲಿ ಮೇಲಿನ ಬಲಮೂಲೆ ಹಿಡಿಯಬೇಕು, ತಲೆಯಾಡಿಸಿದಾಗ ತಿರುಗಿಸಬೇಕು. ತೋಳು ಪುಟಕ್ಕೆ ಅಡ್ಡ ಬರಬಾರದು. ಬಳೆ, ಸಡಿಲ ತೋಳಿನ ಬಟ್ಟೆ ಬೇಡ. ಮೊಜಾರ್ಟ್‌ನ ಮೊದಲ ಮೂವ್‌ಮೆಂಟ್‌ನಲ್ಲಿ ಪುನರಾವರ್ತನೆ ಇದೆ, ಹಿಂದಕ್ಕೆ ಎಷ್ಟು ಪುಟ ಹೋಗಬೇಕು ಎಂದು ಬಣ್ಣದ ಚೀಟಿ ಅಂಟಿಸಿ. ಬ್ರಾಮ್ಸ್ ಕೊನೆಯಲ್ಲಿ ವೇಗ ಏರುತ್ತಾ ಹೋಗುತ್ತದೆ, ಅಲ್ಲಿ ತಡವಾದರೆ ನಾಲ್ವರೂ ಬೀಳುತ್ತಾರೆ. ರಿಹರ್ಸಲ್‌ಗೆ ಅವರೂ ಬರಲೇಬೇಕು.

ಟ್ಯಾಬ್ಲೆಟ್ ಬಳಸಿದರೆ ಪುಟ ತಿರುಗಿಸುವ ಕಾಲುಪೆಡಲ್ ಎಡಗಾಲಿಗೆ ಬರುತ್ತದೆ. ಪಿಯಾನೊದ ಮೆಲುದನಿ ಪೆಡಲ್ ಕೂಡ ಎಡಗಾಲಿನದೇ. ಶೂಮನ್‌ನ ಆಂದಾಂತೆಯಲ್ಲಿ ಎರಡೂ ಒಟ್ಟಿಗೆ ಬೇಕಾದ ಜಾಗ ಬರುತ್ತದೆ. ಅದನ್ನು ಯೋಚಿಸಿ ಆರಿಸಿಕೊಳ್ಳಲಿ.

ನಾಲ್ವರ ಬಳಿಯೂ ಒಂದೇ ಪ್ರಕಾಶಕರ ಆವೃತ್ತಿ ಇರಲಿ. ಒಬ್ಬರದ್ದು ಹಳೇ ಉಚಿತ ಪ್ರತಿ, ಇನ್ನೊಬ್ಬರದ್ದು ಹೊಸದು ಎಂದಾದರೆ ಬಾರ್ (ತಾಳದ ಒಂದು ಅಳತೆ) ಸಂಖ್ಯೆ ಹೊಂದದೆ ರಿಹರ್ಸಲ್‌ನ ಅರ್ಧ ಸಮಯ ಅದರಲ್ಲೇ ಹೋಗುತ್ತದೆ.

ಮೂರನೇಸಾಲು

ನಾನು ಕೇಳುಗರ ಪರವಾಗಿ ಕೇಳುತ್ತೇನೆ. ಕರ್ನಾಟಕ ಸಂಗೀತ ಕೇಳಿ ಬೆಳೆದವರೇ ಅಲ್ಲಿ ಹೆಚ್ಚು ಜನ ಇರುತ್ತಾರೆ. ಜಿ ಮೈನರ್ ಅಂದರೆ ಕೀರವಾಣಿ ಅಂತ ಇಟ್ಟುಕೊಂಡು ಕೇಳಿದರೆ ಸಾಕಾಗುತ್ತದಾ? ಎರಡು ನಿಮಿಷದಲ್ಲೇ ರಾಗ ಕೈಬಿಟ್ಟ ಹಾಗೆ ಆಗುತ್ತದೆ.

ಹಳೇದಸ್ತಾವೇಜು

ಒಳ್ಳೆಯ ಪ್ರಶ್ನೆ. ಶುರುವಿಗೆ ಕೀರವಾಣಿ, ನಟಭೈರವಿ ಎರಡೂ ಬೆರೆತ ಹಾಗೆ ಹಿಡಿಯಬಹುದು. ನಾಲ್ಕೂ ವಾದ್ಯ ಒಂದೇ ದನಿಯಲ್ಲಿ ಗಟ್ಟಿಯಾಗಿ ಒಂದು ವಾಕ್ಯ ಹೇಳುತ್ತವೆ, ಪಿಯಾನೊ ಒಂಟಿಯಾಗಿ ಉತ್ತರಿಸುತ್ತದೆ. ಆ ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮೂವ್‌ಮೆಂಟ್ ಮುಗಿಯುವುದೂ ಅದರಿಂದಲೇ.

ರಾಗ ಕೈಬಿಟ್ಟಂತೆ ಅನ್ನಿಸುವ ಜಾಗ ಗ್ರಹಭೇದ. ಜಿ ಮೈನರ್‌ನಿಂದ ಬಿ ಫ್ಲ್ಯಾಟ್ ಮೇಜರ್‌ಗೆ ಹೋಗುವುದು ಎಂದರೆ ನಟಭೈರವಿಯ ಗಾಂಧಾರವನ್ನೇ ಷಡ್ಜ ಮಾಡಿಕೊಂಡು ಶಂಕರಾಭರಣಕ್ಕೆ ಬರುವುದು. ನಮ್ಮಲ್ಲಿ ತಂಬೂರಿ ಹಳೇ ಷಡ್ಜವನ್ನು ಬಿಡುವುದಿಲ್ಲ, ಆದ್ದರಿಂದ ಗ್ರಹಭೇದ ಒಂದು ಕ್ಷಣದ ಬೆರಗು. ಇಲ್ಲಿ ನೆಲವೇ ಜರುಗಿ ಹೊಸ ಷಡ್ಜದ ಮೇಲೆ ನಿಮಿಷಗಟ್ಟಲೆ ನಿಲ್ಲುತ್ತಾರೆ. ಮೂಲ ಷಡ್ಜ ಯಾವಾಗ ಮರಳುತ್ತದೆ ಎಂದು ಕಾಯುವುದೇ ಕೇಳುವ ದಾರಿ. ಮೊಜಾರ್ಟ್‌ನ ಎರಡನೇ ಮೂವ್‌ಮೆಂಟ್ ಪೂರ್ತಿ ಆ ಬಿ ಫ್ಲ್ಯಾಟ್‌ನಲ್ಲೇ ಇದೆ, ಮೂರನೆಯದು ಜಿ ಮೇಜರ್, ಅಂದರೆ ಮೊದಲಿನ ಷಡ್ಜಕ್ಕೇ ಮರಳಿ ಆದರೆ ಶಂಕರಾಭರಣದಲ್ಲಿ.

ಬ್ರಾಮ್ಸ್‌ನ ಕಡೆಯ ಮೂವ್‌ಮೆಂಟ್‌ಗೆ ತಾಳ ಹಾಕಿ ನೋಡಿ. ಎರಡೆರಡು ಎಣಿಕೆಯ ಬಾರ್‌ಗಳು, ಆದರೆ ಮುಖ್ಯ ರಾಗದ ಸಾಲು ಮೂರು ಮೂರು ಬಾರ್‌ಗೆ ಮುಗಿಯುತ್ತದೆ. ಒಟ್ಟು ಆರು, ರೂಪಕದ ಹಾಗೆ ಕೈಗೆ ಕೂರುತ್ತದೆ. ನಾಲ್ಕರಲ್ಲಿ ಎಣಿಸಿದರೆ ತಪ್ಪುತ್ತದೆ, ಅದಕ್ಕೇ ಮುನ್ನುಗ್ಗಿದ ಹಾಗೆ ಭಾಸವಾಗುವುದು. ಹಂಗೇರಿಯ ಜಿಪ್ಸಿ ವಾದ್ಯತಂಡಗಳ ಶೈಲಿ ಅದು. ಹಂಗೇರಿಯ ನೆಲದಲ್ಲಿ ಹುಟ್ಟಿದ ವಯೊಲಿನ್ ವಾದಕ ಯೋಆಕಿಮ್ ತನ್ನದೇ ಅಂಗಳದಲ್ಲಿ ಬ್ರಾಮ್ಸ್ ತನ್ನನ್ನು ಸೋಲಿಸಿದ ಎಂದು ಒಪ್ಪಿಕೊಂಡಿದ್ದ. 1861ರ ನವೆಂಬರ್ 16ರಂದು ಹ್ಯಾಂಬರ್ಗ್‌ನಲ್ಲಿ ಇದರ ಮೊದಲ ಪ್ರದರ್ಶನಕ್ಕೆ ಪಿಯಾನೊ ನುಡಿಸಿದವರು ಕ್ಲಾರಾ ಶೂಮನ್. 1844ರಲ್ಲಿ ಲೈಪ್‌ಜಿಗ್‌ನಲ್ಲಿ ಗಂಡನ ಓಪಸ್ 47 ಮೊದಲ ಸಲ ಸಾರ್ವಜನಿಕವಾಗಿ ಕೇಳಿಸಿದಾಗಲೂ ಪಿಯಾನೊದಲ್ಲಿ ಅವರೇ. ನಿಮ್ಮ ಸಂಜೆಯ ಎರಡು ಕೃತಿಗಳನ್ನು ಕಟ್ಟಿಹಾಕುವ ಹೆಸರು ಅದು. ಪುಸ್ತಿಕೆಯಲ್ಲಿ ಬಿಡಬೇಡಿ.

ಮೂರನೇಸಾಲು

ರೂಪಕದ ಸುಳಿವು ಸಿಕ್ಕಿದ ಮೇಲೆ ರೆಕಾರ್ಡಿಂಗ್ ಹಾಕಿ ಕೇಳಿದೆ, ಸರಿಯಾಗಿ ಕೂತಿತು. ಧನ್ಯವಾದ. ಚಪ್ಪಾಳೆ ವಿಷಯಕ್ಕೆ ಬಂದರೆ, ಜನರನ್ನು ಗದರಿಸುವ ಹಾಗೆ ಪ್ರಕಟಣೆ ಮಾಡಬೇಡಿ ಎಂದು ಕೋರಿಕೆ. ಮೊಜಾರ್ಟ್ ಕಾಲದಲ್ಲಿ ನಡುನಡುವೆಯೇ ತಟ್ಟುತ್ತಿದ್ದರು. 1778ರಲ್ಲಿ ಪ್ಯಾರಿಸ್‌ನಲ್ಲಿ ತನ್ನ ಸಿಂಫನಿಗೆ ಮೂವ್‌ಮೆಂಟ್ ನಡೆಯುತ್ತಿರುವಾಗಲೇ ಚಪ್ಪಾಳೆ ಬಿತ್ತು ಎಂದು ಆತ ಅಪ್ಪನಿಗೆ ಸಂತೋಷದಿಂದ ಬರೆದಿದ್ದಾನೆ. ನಮ್ಮ ಸಭೆಗಳಲ್ಲೂ ಒಳ್ಳೆಯ ಸಂಗತಿ ಬಿದ್ದರೆ ‘ಭಲೇ’ ಅನ್ನುವುದು ರೂಢಿ.

ನಡುದನಿ

ಒಪ್ಪಿದೆ. ನಿಯಮ ಹೇಳುವುದಕ್ಕಿಂತ ಕಾರಣ ಹೇಳಿದರೆ ಜನ ಸಂತೋಷದಿಂದ ಸಹಕರಿಸುತ್ತಾರೆ. ಶೂಮನ್ ಶುರುವಾಗುವ ಮೊದಲು ಒಬ್ಬರು, ಮೈಕ್ ಇಲ್ಲದೆಯೇ, ಇಷ್ಟು ಹೇಳಲಿ: “ಇದರಲ್ಲಿ ನಾಲ್ಕು ಭಾಗಗಳಿವೆ. ಮೂರನೆಯದರ ನಡುವೆ ಚೆಲ್ಲೊ ತನ್ನ ತಂತಿಯನ್ನು ಇಳಿಸಿಕೊಳ್ಳುತ್ತದೆ, ಮುಗಿದ ಕೂಡಲೇ ಮತ್ತೆ ಏರಿಸುತ್ತದೆ. ಆ ಮೌನ ಅವರಿಗೆ ಬೇಕು.” ಆಗ 220 ಜನರೂ ಆ ಬಿರಡೆಯನ್ನೇ ನೋಡುತ್ತಾ ಕೂರುತ್ತಾರೆ. ಬ್ರಾಮ್ಸ್‌ನ ಎರಡನೇ ಮೂವ್‌ಮೆಂಟ್‌ಗೂ ಮುಂಚೆ ಒಂದು ಸಣ್ಣ ವಿರಾಮ ಬರುತ್ತದೆ. ವಯೊಲಿನ್ ಕುದುರೆಗೆ ಮ್ಯೂಟ್ (ನಾದ ತಗ್ಗಿಸುವ ಸಣ್ಣ ತುಂಡು) ಸಿಕ್ಕಿಸುವ ಸಮಯ ಅದು.

ಲಿಡ್ ಬಗ್ಗೆ ಕೊನೆಯ ಮಾತು. ಕಪ್ಪುಬಿಳುಪು ಅವರೂ ನಾನೂ ಇಲ್ಲಿ ಎಷ್ಟು ವಾದ ಮಾಡಿದರೂ ನಿಮ್ಮ ಹಾಲ್ ಏನು ಹೇಳುತ್ತದೋ ಅದೇ ಕಡೆ. ರಿಹರ್ಸಲ್‌ನಲ್ಲಿ ಹತ್ತನೇ ಸಾಲಿನ ನಡುವೆ ರೆಕಾರ್ಡರ್ ಇಡಿ. ಮೊಜಾರ್ಟ್‌ನ ಮೊದಲ ಎರಡು ನಿಮಿಷ, ಶೂಮನ್‌ನ ಸ್ಕೆರ್ಜೊ (ಎರಡನೇ, ಚುರುಕಾದ ಭಾಗ) ಶುರು, ಇವೆರಡನ್ನೇ ಮೂರು ಲಿಡ್ ಎತ್ತರದಲ್ಲಿ ನುಡಿಸಿ. ಸ್ಕೆರ್ಜೊದಲ್ಲಿ ಪಿಯಾನೊ, ಚೆಲ್ಲೊ ಜೊತೆಜೊತೆಗೆ ತುಂಡು ತುಂಡು ಸ್ವರಗಳನ್ನು ಓಡಿಸುತ್ತವೆ. ಚೆಲ್ಲೊದ ಪ್ರತಿ ಸ್ವರಕ್ಕೂ ಅಂಚು ಕೇಳುವ ಎತ್ತರ ಯಾವುದೋ ಅದನ್ನು ಆರಿಸಿ. ಖಾಲಿ ಹಾಲ್‌ಗಿಂತ ಜನ ತುಂಬಿದ ಹಾಲ್ ಇನ್ನೂ ಒಣಗಿರುತ್ತದೆ, ಅದಕ್ಕೆ ಎಡೆ ಬಿಟ್ಟುಕೊಳ್ಳಿ.

ಕಪ್ಪುಬಿಳುಪು

ಈ ಪರೀಕ್ಷೆಗೆ ನನ್ನದೇನೂ ತಕರಾರಿಲ್ಲ. ಒಂದೇ ಕೋರಿಕೆ, ಮೂರೂ ಸಲ ಪೆಡಲ್ ಒಂದೇ ರೀತಿ ಇರಲಿ. ಇಲ್ಲದಿದ್ದರೆ ಲಿಡ್‌ನ ಫಲವೋ ಪೆಡಲ್‌ನ ಫಲವೋ ಗೊತ್ತಾಗುವುದಿಲ್ಲ.

ಸಭಾಸೇವಕ

ಎಲ್ಲರಿಗೂ ಧನ್ಯವಾದ. ಪ್ಲೈವುಡ್, ಟ್ಯೂನರ್ ಮೂರು ಸಲ, ಪುಟ ತಿರುಗಿಸುವವರು, ಎಲ್ಲ ಬರೆದುಕೊಂಡಿದ್ದೇನೆ. ಕೊನೆಯದೊಂದು ಪ್ರಶ್ನೆ: ‘ಇನ್ನೊಂದು’ ಎಂದು ಸಭೆ ಕೇಳಿದರೆ ಏನು ನುಡಿಸಬಹುದು? ಶೂಮನ್‌ನ ಆಂದಾಂತೆಯನ್ನೇ ಮತ್ತೆ ನುಡಿಸಿ ಎಂದು ಕೇಳಬಹುದಾ?

ಮಂದ್ರತಂತಿ

ಅದನ್ನು ಕೇಳಬೇಡಿ. ಬ್ರಾಮ್ಸ್ ಆದ ಮೇಲೆ ಬೆವರಿದ ಕೈಯಲ್ಲಿ ಮತ್ತೆ ಬಿರಡೆ ಇಳಿಸುವುದು ಯಾರಿಗೂ ಬೇಡ. ಫ್ರೆಂಚ್ ರಚನಕಾರ ಫೋರೆಯ ಪಿಯಾನೊ ಕ್ವಾರ್ಟೆಟ್ ಓಪಸ್ 15ರ ಸ್ಕೆರ್ಜೊ ಇದೆ, ಐದು ನಿಮಿಷದ್ದು. ತಂತಿಗಳನ್ನು ಬೆರಳಲ್ಲಿ ಮೀಟುವುದರಿಂದ ಶುರುವಾಗುತ್ತದೆ, ಅದರ ಮೇಲೆ ಪಿಯಾನೊ ಹಗುರವಾಗಿ ಹಾರುತ್ತದೆ. ಅಭ್ಯಾಸಕ್ಕೆ ಸಮಯ ಬೇಕು, ಕಲಾವಿದರಿಗೆ ಈಗಲೇ ತಿಳಿಸಿ.